ನವೀಕರಣಕ್ಕೆ ಹತ್ತೊಂಬತ್ತು ದಿನ ಮೊದಲು ಬಂದ ನೋವು

ಮಾನ್ಯ ವಿಮಾ ದೂರು ನಿರ್ಣಯಾಧಿಕಾರಿಗಳೇ,

ಈ ಪತ್ರ ತಮಗೆ ಬರೆದದ್ದು. ಆದರೆ ತಮ್ಮ ಮೇಜಿಗೂ ಇದನ್ನು ಅಚ್ಚುಹಾಕಲಿರುವ ಪತ್ರಿಕೆಗೂ ತಲುಪುವ ಮೊದಲು ಇದನ್ನು ಗಟ್ಟಿಯಾಗಿ ಓದುತ್ತಿರುವುದು ನನ್ನ ಮಗಳು ಕೆಲಸ ಮಾಡುತ್ತಿದ್ದ ತೂಕಯಂತ್ರ ಪರೀಕ್ಷಾ ಸಂಸ್ಥೆಯ ಗೋದಾಮಿನಲ್ಲಿ, ಕಬ್ಬಿಣದ ತೂಕದ ಬಟ್ಟುಗಳ ಸಾಲುಗಳ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿರುವ ನೂರಕ್ಕೂ ಹೆಚ್ಚು ಜನರ ಮುಂದೆ. ಮೊದಲ ಮಾತು ಅವರಿಗೆ ಸಲ್ಲಬೇಕು. ರಜೆಯ ದಿನ ಬಿಡುವು ಮಾಡಿಕೊಂಡು ಬಂದಿದ್ದೀರಿ. ನನ್ನ ಪರವಾಗಿ ಮನವಿ ಬರೆದು, ಮನೆಮನೆ ಓಡಾಡಿ ಸಹಿ ಸಂಗ್ರಹಿಸಿದ್ದೀರಿ. ಮಗಳ ಫೋಟೋಗಳನ್ನು ಹುಡುಕಿ, ಅವಳು ನಗುತ್ತಿರುವುದನ್ನೇ ಆರಿಸಿ ಗೋಡೆಗೆ ಹಾಕಿದ್ದೀರಿ. ನಿಮ್ಮೆಲ್ಲರಿಗೂ ನಾನು ಕೃತಜ್ಞ. ಇಷ್ಟು ಹೇಳಿ, ನಿಮ್ಮ ಸಹಾನುಭೂತಿಯನ್ನು ಕೈಮುಗಿದು ಹಿಂದಿರುಗಿಸುತ್ತಿದ್ದೇನೆ. ಮನವಿಯಲ್ಲಿ ನನ್ನನ್ನು 'ಅನ್ಯಾಯಕ್ಕೊಳಗಾದ ತಂದೆ' ಎಂದು ಕರೆದಿದ್ದೀರಿ. ದಯವಿಟ್ಟು ಆ ಮಾತನ್ನು ಹೊಡೆದುಹಾಕಿ. ಯಾಕೆಂದು ಈಗಲೇ ಕೇಳಬೇಡಿ. ಪತ್ರ ಮುಗಿಯುವ ಹೊತ್ತಿಗೆ ಬಹುಶಃ ನೀವೇ ಪೆನ್ನು ಕೇಳುತ್ತೀರಿ.

ಇನ್ನು ತಮ್ಮ ವಿಷಯ, ಅಧಿಕಾರಿಗಳೇ. ಹೋದ ತಿಂಗಳು ತಾವು ಹೊರಡಿಸಿದ ಆದೇಶದ ಮೂರನೆಯ ಪುಟದಲ್ಲಿ ಹೀಗೊಂದು ವಾಕ್ಯವಿದೆ: 'ಪಾಲಿಸಿ ನವೀಕರಣಕ್ಕೆ ಮೊದಲೇ ತಮಗೆ ತಿಳಿದಿದ್ದ ಕಾಯಿಲೆಯನ್ನು ವಿಮೆ ಪಡೆದವರು ಉದ್ದೇಶಪೂರ್ವಕವಾಗಿ ಮರೆಮಾಚಿರುವುದು ಸಾಬೀತಾಗಿದೆ.' ವಿಮೆ ಪಡೆದವರು ಎಂದರೆ ನನ್ನ ಮಗಳು. ತೀರಿಕೊಂಡಾಗ ಅವಳಿಗೆ ಮೂವತ್ನಾಲ್ಕು ವರ್ಷ. ಏಳು ತಿಂಗಳ ಹಿಂದೆ, ಪರದೇಶದ ಒಂದು ಬಂದರು ಪಟ್ಟಣದಲ್ಲಿ, ತನ್ನ ಭಾಷೆಯ ಒಂದು ಪದವೂ ಗೊತ್ತಿಲ್ಲದವರ ನಡುವೆ ಅವಳು ಸತ್ತಳು. ಕಂಪನಿ ಕ್ಲೇಮನ್ನು ತಿರಸ್ಕರಿಸಿತು, ತಾವು ಕಂಪನಿಯನ್ನು ಎತ್ತಿಹಿಡಿದಿರಿ. ಅದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ. ನನ್ನ ತಕರಾರು ಆ ಒಂದು ವಾಕ್ಯದ್ದು. ತಮ್ಮ ಕಚೇರಿಯ ಕಡತಗಳು ಎಷ್ಟು ಕಾಲ ಉಳಿಯುತ್ತವೆಂದು ವಿಚಾರಿಸಿದೆ. ಶಾಶ್ವತವಾಗಿ ಎಂದರು. ಹಾಗಾದರೆ ನನ್ನ ಮಗಳು ಶಾಶ್ವತವಾಗಿ ಸುಳ್ಳುಗಾರ್ತಿ. ಅವಳ ಬದುಕಿಗೆ ತಾವು ಒದಗಿಸಲಾರದ ಶಾಶ್ವತತೆಯನ್ನು ಅವಳ ಕಳಂಕಕ್ಕೆ ಎಷ್ಟು ಉದಾರವಾಗಿ ಒದಗಿಸಿದ್ದೀರಿ.

ತಾವು ಸುಳ್ಳುಗಾರ್ತಿ ಎಂದ ಹೆಂಗಸು ಎಂಥವಳೆಂದು ತಿಳಿಯುವ ಕುತೂಹಲ ತಮಗೆ ಬರಲಿಲ್ಲ. ನಾನೇ ಹೇಳುತ್ತೇನೆ. ಬಂದರುಗಳಲ್ಲಿ, ಕಾರ್ಖಾನೆಗಳಲ್ಲಿ ಲಾರಿಗಳನ್ನೇ ತೂಗುವ ದೊಡ್ಡ ತೂಕಸೇತುವೆಗಳಿರುತ್ತವೆ. ಅವು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಅವಳ ಕೆಲಸ. ಯಂತ್ರದ ಮೇಲೆ ಏನನ್ನೂ ಇಡುವ ಮೊದಲು ಅದು ಸೊನ್ನೆ ತೋರಿಸುತ್ತಿದೆಯೇ ಎಂದು ಮೂರು ಸಲ ನೋಡುತ್ತಿದ್ದಳು. ಈ ಗೋದಾಮಿನಲ್ಲಿ ಎಲ್ಲರೂ ಅವಳನ್ನು ಸೊನ್ನೆ ಮೇಡಂ ಎಂದೇ ಕರೆಯುತ್ತಿದ್ದರು. ಒಮ್ಮೆ ಒಬ್ಬ ಕಾರ್ಖಾನೆಯ ವ್ಯವಸ್ಥಾಪಕ, "ಮೇಡಂ, ನಾಲ್ಕು ಕಿಲೋ ವ್ಯತ್ಯಾಸ ತಾನೇ, ಇರೋದು ಅರವತ್ತು ಟನ್ನಿನ ಯಂತ್ರ, ಬಿಟ್ಬಿಡಿ" ಎಂದನಂತೆ. ಇವಳು, "ಬಿಡೋಣ ಸಾರ್, ನಾಲ್ಕು ಕಿಲೋ ಬಿಟ್ಟಿದ್ದೀನಿ ಅಂತ ಬರೆದು ಬಿಡೋಣ" ಎಂದಳಂತೆ. ಎಲ್ಲ ಯಂತ್ರಗಳಲ್ಲೂ ತಪ್ಪಿರುತ್ತದೆ, ಎಷ್ಟು ತಪ್ಪಿದೆ ಎಂದು ಬರೆದಿಡುವುದಷ್ಟೇ ಮರ್ಯಾದೆ ಎಂಬುದು ಅವಳ ನಂಬಿಕೆಯಾಗಿತ್ತು.

ಈ ಕೆಲಸಕ್ಕಾಗಿ ಅವಳು ವರ್ಷಕ್ಕೆ ಏಳೆಂಟು ಬಾರಿ ಹೊರದೇಶಕ್ಕೆ ಹೋಗಬೇಕಿತ್ತು. ವರ್ಷವಿಡೀ ಎಲ್ಲ ಪ್ರಯಾಣಗಳಿಗೂ ಅನ್ವಯಿಸುವ ಒಂದು ಪ್ರವಾಸ ವಿಮೆ ಅವಳ ಹೆಸರಿನಲ್ಲಿತ್ತು. ಅದು ಪ್ರತಿ ವರ್ಷ ಒಂದೇ ತಿಂಗಳ ಇಪ್ಪತ್ತಾರನೆಯ ತಾರೀಖು ನವೀಕರಣವಾಗುತ್ತಿತ್ತು. ವಿಮೆ ಇಲ್ಲದವರನ್ನು ಸಂಸ್ಥೆ ಹೊರಗೆ ಕಳಿಸುವಂತಿಲ್ಲ. ಆ ವರ್ಷ ಮುಖ್ಯ ಪರೀಕ್ಷಕಿಯ ಹುದ್ದೆಗೆ ಅವಳ ಹೆಸರು ಮುಂದಿತ್ತು. ಇಪ್ಪತ್ತೊಂಬತ್ತಕ್ಕೆ ಹೊರಡಬೇಕಿದ್ದ ಪ್ರಯಾಣ ಮುಗಿಸಿ ಬಂದರೆ ಹುದ್ದೆ ಖಚಿತ.

ಅದೇ ತಿಂಗಳ ಏಳನೆಯ ತಾರೀಖು, ಮಂಗಳವಾರ ಮಧ್ಯಾಹ್ನ, ಊಟಕ್ಕೆ ಕುಳಿತಾಗ ಅವಳ ಹೊಟ್ಟೆಯ ಬಲಭಾಗದಲ್ಲಿ ನೋವು ಕಾಣಿಸಿತು. ಗುರುವಾರ ಮತ್ತೆ ಬಂತು. ಮುಂದೆ ನಡೆದದ್ದನ್ನು ಹೇಳಲು ನಮ್ಮ ಮನೆಯ ಒಂದು ಪದ್ಧತಿಯನ್ನು ವಿವರಿಸಬೇಕು.

ನಾನು ಕಾಲೇಜಿನ ದಿನಗಳಲ್ಲಿ ಚರ್ಚಾಪಟು. ನಾಲ್ಕು ವರ್ಷ ಸತತವಾಗಿ ಅಂತರಕಾಲೇಜು ಪಾರಿತೋಷಕ ಗೆದ್ದವನು. ಆಮೇಲೆ ಮೂವತ್ತೊಂದು ವರ್ಷ ಪಠ್ಯಪುಸ್ತಕಗಳ ಕರಡು ತಿದ್ದಿ ಹೊಟ್ಟೆ ಹೊರೆದೆ. ವೇದಿಕೆ ತಪ್ಪಿತು, ಚಟ ತಪ್ಪಲಿಲ್ಲ. ಆದ್ದರಿಂದ ಮನೆಯಲ್ಲೇ ಒಂದು ವೇದಿಕೆ ಕಟ್ಟಿದೆ. ಯಾವುದೇ ಭಿನ್ನಾಭಿಪ್ರಾಯ ಬಂದರೂ ಊಟದ ಮೇಜಿನ ಎರಡು ತುದಿಗೆ ಕುಳಿತು ಮೂರು ಮೂರು ನಿಮಿಷ ವಾದಿಸಬೇಕು. ನಡುವೆ ಕುಳಿತು ತರಕಾರಿ ಹೆಚ್ಚುವ ನನ್ನ ಹೆಂಡತಿಯೇ ತೀರ್ಪುಗಾರ್ತಿ. ಸೋತವರು ಗೊಣಗದೆ ಗೆದ್ದವರ ಮಾತಿನಂತೆ ನಡೆಯಬೇಕು. ಮಗಳು ಹದಿನಾಲ್ಕನೆಯ ವಯಸ್ಸಿನಲ್ಲಿ ಕೂದಲು ಮೋಟು ಮಾಡಿಸುವ ಹಕ್ಕನ್ನು ಈ ಮೇಜಿನ ಮೇಲೆ ಗೆದ್ದಳು. ಹತ್ತೊಂಬತ್ತಕ್ಕೆ, ನನಗೆ ಇಷ್ಟವಿಲ್ಲದ ಓದನ್ನು ಗೆದ್ದಳು. ಬೇರೆ ಮನೆಗಳಲ್ಲಿ ಅಪ್ಪಂದಿರು ಬೇಡ ಎಂದರೆ ಬೇಡ. ನಮ್ಮ ಮನೆಯಲ್ಲಿ ಹಾಗಲ್ಲ, ನಮ್ಮದು ನ್ಯಾಯದ ಮನೆ ಎಂದು ನಾನು ಬೀಗುತ್ತಿದ್ದೆ.

ಆ ಗುರುವಾರ ಅವಳು ಕೈತೊಳೆದು ಬಂದು ಹೇಳಿದಳು:

"ಅಪ್ಪಾ, ನಾಳೆ ಒಂದು ಸ್ಕ್ಯಾನ್ ಮಾಡಿಸ್ಕೊಂಡು ಬಂದ್ಬಿಡ್ತೀನಿ."

"ಹದಿನೇಳು ದಿನ ತಡಿ. ಪಾಲಿಸಿ ನವೀಕರಣ ಆಗ್ಲಿ," ಎಂದೆ.

"ಹೊಟ್ಟೆನೋವಿಗೂ ಪಾಲಿಸಿಗೂ ಏನು ಸಂಬಂಧ?"

"ಫಾರಂನಲ್ಲಿ ಏನು ಕೇಳ್ತಾರೆ ನೋಡು. ಯಾವುದಾದ್ರೂ ಕಾಯಿಲೆಗೆ ವೈದ್ಯರನ್ನ ಕಂಡಿದ್ದೀರಾ, ಪರೀಕ್ಷೆ ಮಾಡಿಸಿದ್ದೀರಾ ಅಂತ. ನಾಳೆ ನೀನು ಹೋದ್ರೆ ಹೌದು ಅಂತ ಬರೀಬೇಕು. ಆಮೇಲೆ ಇಡೀ ವರ್ಷ ಹೊಟ್ಟೆಗೆ ಸಂಬಂಧಪಟ್ಟಿದ್ದಕ್ಕೆ ವಿಮೆ ಇಲ್ಲ. ನಿನ್ನನ್ನ ಯಾರು ಹೊರಗೆ ಕಳಿಸ್ತಾರೆ? ಹೋಗದೆ ಇದ್ರೆ ಇಲ್ಲ ಅಂತ ಬರೀಬಹುದು. ಸುಳ್ಳೇನೂ ಅಲ್ಲವಲ್ಲ."

"ಸುಳ್ಳಲ್ಲ, ಸರಿ. ನಿಜಾನಾ?"

"ಕೇಳಿದ್ದಕ್ಕೆ ಉತ್ತರ ಕೊಡ್ಬೇಕು. ಕೇಳದೆ ಇರೋದಕ್ಕೆ ಉತ್ತರ ಕೊಡೋನು ಚರ್ಚೆಯಲ್ಲಿ ಸೋಲ್ತಾನೆ."

"ನಾನು ಚರ್ಚೆಗೆ ಹೋಗ್ತಿಲ್ಲಪ್ಪಾ, ಸ್ಕ್ಯಾನಿಗೆ ಹೋಗ್ತಿದ್ದೀನಿ," ಎಂದಳು. ಹೆಂಡತಿ ನಕ್ಕಳು. ನಾನೂ ನಕ್ಕೆ. ಆದರೂ ಕುರ್ಚಿ ಎಳೆದುಕೊಂಡು ಕುಳಿತೆವು.

ಅವಳ ವಾದ ಚಿಕ್ಕದು: ನೋವಿದೆ, ನೋಡಬೇಕು. ನನ್ನ ವಾದಕ್ಕೆ ಮೂರು ಅಂಗಗಳಿದ್ದವು. ಒಂದು, ನೋವು ಅಜೀರ್ಣದ್ದಿರಬಹುದು. ಎರಡು, ಹಳೆಯ ಪಾಲಿಸಿಯ ಪುಸ್ತಿಕೆಯನ್ನು ನಾನು ಅಕ್ಷರ ಬಿಡದೆ ಓದಿದ್ದೇನೆ, ಅದರ ಪ್ರಕಾರ ವೈದ್ಯರು ಗುರುತಿಸಿದ ಕಾಯಿಲೆ ಮಾತ್ರ ಕಾಯಿಲೆ. ಮೂರು, ಹದಿನೇಳು ದಿನ ಎಂಬುದು ಮನುಷ್ಯನ ಆಯುಸ್ಸಿನಲ್ಲಿ ಲೆಕ್ಕಕ್ಕಿಲ್ಲದ ಅವಧಿ. ಮೂರನೆಯ ಅಂಗಕ್ಕೆ ಬರುವಾಗ ನಾನು ಎದ್ದು ನಿಂತಿದ್ದೆನೆಂದು ನೆನಪು. ಹೆಂಡತಿ ಬೀನ್ಸ್ ನಾರು ಬಿಡಿಸುತ್ತಾ, "ಈ ಸಲ ಅಪ್ಪಂಗೇ ಒಂದು ಮಾರ್ಕ್ ಜಾಸ್ತಿ ಕಣೇ. ಆದ್ರೆ ನೋವು ಜಾಸ್ತಿಯಾದ್ರೆ ತೀರ್ಪು ವಾಪಸ್," ಎಂದಳು. ಆ ಕೊನೆಯ ಮಾತು ತೀರ್ಪಿನ ಭಾಗವೆಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅದು ನಿಜ. ಅದನ್ನು ನಾನಿಲ್ಲಿ ದಾಖಲಿಸುತ್ತಿದ್ದೇನೆ.

ನೋವು ಜಾಸ್ತಿಯಾಗಲಿಲ್ಲ. ಬಂದು ಹೋಗುತ್ತಿತ್ತು. ಇಪ್ಪತ್ತಾರರಂದು ಅವಳು ಫಾರಂ ತುಂಬಿದಳು. ಆ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಗುರುತು ಹಾಕುವ ಮೊದಲು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಉಳಿದ ಎರಡು ದಿನ ಪ್ರಯಾಣದ ಗಡಿಬಿಡಿಯಲ್ಲಿ ಕಳೆದವು. "ಬಂದ್ಮೇಲೆ ಮಾಡಿಸ್ತೀನಿ, ಈಗ ಕಮ್ಮಿ ಇದೆ," ಎಂದು ಹೊರಟಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಬಗ್ಗಿದವಳು ಒಂದು ಕ್ಷಣ ಹಾಗೇ ನಿಂತದ್ದನ್ನು ನಾನು ನೋಡಿದೆ. ಏನೆಂದು ಕೇಳಲಿಲ್ಲ.

ಅವಳು ಹೋದ ಮಾರನೆಯ ದಿನ ಹೊಸ ಪುಸ್ತಿಕೆ ಬಂತು. ಮೇಲೊಂದು ಚೀಟಿ: 'ತಮ್ಮ ಅನುಕೂಲಕ್ಕಾಗಿ ಕೆಲವು ನಿಯಮಗಳ ಭಾಷೆಯನ್ನು ಸರಳಗೊಳಿಸಲಾಗಿದೆ.' ನನ್ನಂಥ ಕರಡು ತಿದ್ದುವವನು ಆಗಲೇ ಎಚ್ಚರಗೊಳ್ಳಬೇಕಿತ್ತು. ಡ್ರಾಯರಿನಲ್ಲಿಟ್ಟೆ. ಅದನ್ನು ತೆರೆದದ್ದು ಅವಳು ಸತ್ತ ಮೇಲೆ. ಎರಡೂ ಪುಸ್ತಿಕೆಗಳನ್ನು ಅಕ್ಕಪಕ್ಕ ಇಟ್ಟು, ಅಡಿಪಟ್ಟಿ ಹಿಡಿದು, ಸಾಲು ಸಾಲು ಹೋಲಿಸಿದೆ. ಮೂವತ್ತೊಂದನೆಯ ಪುಟದಲ್ಲಿ ಸಿಕ್ಕಿತು. ಹಳೆಯದರಲ್ಲಿ 'ನವೀಕರಣಕ್ಕೆ ಮೊದಲು ವೈದ್ಯರು ಗುರುತಿಸಿದ ಕಾಯಿಲೆ' ಎಂದಿದ್ದದ್ದು ಹೊಸದರಲ್ಲಿ 'ವೈದ್ಯರು ಗುರುತಿಸಿರಲಿ, ಇಲ್ಲದಿರಲಿ, ನವೀಕರಣಕ್ಕೆ ಮೊದಲು ಯಾವುದೇ ಲಕ್ಷಣ ತೋರಿದ ಕಾಯಿಲೆ' ಎಂದಾಗಿತ್ತು. ಸರಳತೆ ಎಂದರೆ ಇದು. ಆದರೆ ಫಾರಂನ ಪ್ರಶ್ನೆ ಮಾತ್ರ ಹಳೆಯದೇ. ವೈದ್ಯರನ್ನು ಕಂಡಿದ್ದೀರಾ ಎಂದು ಕೇಳುತ್ತಾರೆ, ನೋವು ಬಂದಿತ್ತೇ ಎಂದು ಅಳೆಯುತ್ತಾರೆ. ಹಣ ಪಡೆದ ಮೇಲೆ ನಿಯಮ ಕಳಿಸುತ್ತಾರೆ. ಒಂದು ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಒಂದು ವರ್ಷದ್ದಾಗಿ, ಮೌಲ್ಯಮಾಪನ ಇನ್ನೊಂದು ವರ್ಷದ್ದಾದರೆ, ಮಕ್ಕಳು ಬೀದಿಗಿಳಿಯುತ್ತಾರೆ. ಸತ್ತವರು ಬೀದಿಗಿಳಿಯಲಾರರು ಎಂಬ ಧೈರ್ಯವೇ?

ಪ್ರಯಾಣದ ಹತ್ತನೆಯ ದಿನ, ಶುಕ್ರವಾರ, ಅವಳು ತೂಕಸೇತುವೆಯ ಮೇಲೆಯೇ ಕುಸಿದಳು. ಜೊತೆಗಿದ್ದವರು ಇದೇ ಸಂಸ್ಥೆಯ ಹಿರಿಯ ತಂತ್ರಜ್ಞರು. ಈಗ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರೆ, ತಗ್ಗಿಸಬೇಕಾದ ಕಾರಣ ಅವರಿಗಿಲ್ಲ. ಪಟ್ಟಣದ ಚಿಕ್ಕ ಆಸ್ಪತ್ರೆಯಲ್ಲಿ, ಹರುಕುಮುರುಕು ಇಂಗ್ಲಿಷಿನಲ್ಲಿ ವೈದ್ಯೆ ಕೇಳಿದರಂತೆ, ಯಾವಾಗಿನಿಂದ ನೋವು ಎಂದು. ತಾವಾಗಿದ್ದರೆ, ನಾನಾಗಿದ್ದರೆ, 'ಸ್ವಲ್ಪ ದಿನದಿಂದ' ಎನ್ನುತ್ತಿದ್ದೆವು. ಭೂಮಿಯ ಮೇಲಿನ ಎಲ್ಲ ರೋಗಿಗಳೂ ಹಾಗೇ ಅನ್ನುತ್ತಾರೆ. ನನ್ನ ಮಗಳು, ನೋವಿನಲ್ಲಿ ಮುದುಡಿಕೊಂಡು, ಹೇಳಿದಳು: ಹಿಂದಿನ ತಿಂಗಳು ಏಳನೆಯ ತಾರೀಖು, ಮಂಗಳವಾರ, ಮಧ್ಯಾಹ್ನ ಒಂದೂಕಾಲು. ಆಮೇಲೆ ಎಷ್ಟು ಬಾರಿ ಬಂತು, ಎಷ್ಟು ಹೊತ್ತು ಇತ್ತು, ಅದೂ ಹೇಳಿದಳು. ವೈದ್ಯೆ ಹೊರಹೋದ ಮೇಲೆ ಹಿರಿಯರು, "ಮೇಡಂ, ಒಂದು ವಾರದಿಂದ ಅಂದಿದ್ರೆ ಸಾಕಿತ್ತಲ್ಲಾ," ಎಂದರಂತೆ. "ಡಾಕ್ಟರ್ ಹತ್ರ ಅಂದಾಜು ಹೇಳೋಕಾಗುತ್ತಾ? ಅವರು ಅದರ ಮೇಲೆ ಔಷಧಿ ಕೊಡ್ತಾರೆ," ಎಂದಳಂತೆ. ಪಿತ್ತಕೋಶದ ಕಲ್ಲು ಜಾರಿ ನಾಳವನ್ನು ಮುಚ್ಚಿತ್ತು. ಮೇದೋಜೀರಕ ಗ್ರಂಥಿ ಉರಿಯೂತದಿಂದ ಊದಿತ್ತು. ದೊಡ್ಡ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು, ಅದಕ್ಕೆ ವಿಮಾ ಕಂಪನಿಯ ಖಾತರಿ ಪತ್ರ ಬೇಕು ಎಂದರು. ಅವಳ ವಿವರಗಳ ಹಾಳೆ ಮಧ್ಯಾಹ್ನ ಮೂರಕ್ಕೆ ಕಂಪನಿಗೆ ಹೋಯಿತು.

ಶನಿವಾರ ಬೆಳಿಗ್ಗೆಯಿಂದ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಒಬ್ಬ ಹೆಣ್ಣುಮಗಳು, ಅತ್ಯಂತ ಮೃದುವಾದ ದನಿ.

"ಪರಿಶೀಲನೆಯಲ್ಲಿದೆ ಸರ್."

"ಯಾರಮ್ಮಾ ಪರಿಶೀಲಿಸ್ತಿರೋದು?"

"ಸಂಬಂಧಪಟ್ಟ ವಿಭಾಗ ಸರ್."

"ಆ ವಿಭಾಗದಲ್ಲಿ ಈಗ ಯಾರಾದ್ರೂ ಕೂತಿದ್ದಾರಾ?"

"ಇವತ್ತು ಶನಿವಾರ ಅಲ್ವಾ ಸರ್," ಎಂದಳು. ಮತ್ತೆ ತಗ್ಗಿದ ದನಿಯಲ್ಲಿ, "ನಿಮ್ಮ ಕೈಯಲ್ಲಿ ಆದ್ರೆ ನೀವೇ ಆಸ್ಪತ್ರೆಗೆ ಠೇವಣಿ ಕಟ್ಟಿಬಿಡಿ ಸರ್. ಕಾಯಬೇಡಿ," ಎಂದಳು. ಈ ಇಡೀ ಪ್ರಕರಣದಲ್ಲಿ ಕಂಪನಿಯ ಕಡೆಯಿಂದ ಬಂದ ಏಕೈಕ ಸತ್ಯ ಆ ಮಾತು. ಅದು ಧ್ವನಿಮುದ್ರಣವಾಗಿದ್ದರೆ ಅವಳ ಕೆಲಸ ಹೋಗದಿರಲೆಂದು ಹಾರೈಸುತ್ತೇನೆ. ಬ್ಯಾಂಕಿನವರು ಹೊರದೇಶದ ಪಾವತಿ ಸೋಮವಾರ ಎಂದರು. ಕೊನೆಗೆ ಈ ಸಂಸ್ಥೆಯ ಮಾಲೀಕರು ತಮ್ಮ ಗಿರಾಕಿಗಳಾದ ಬಂದರಿನವರಿಂದ ಠೇವಣಿ ಕಟ್ಟಿಸಿದರು. ಅಷ್ಟರಲ್ಲಿ ಭಾನುವಾರ ಬೆಳಿಗ್ಗೆ ಎಂಟಾಗಿತ್ತು, ಕಂಪನಿಯ ಉತ್ತರವೂ ಬಂದಿತ್ತು: ಲಕ್ಷಣಗಳು ನವೀಕರಣಕ್ಕೆ ಹತ್ತೊಂಬತ್ತು ದಿನ ಮೊದಲೇ ಆರಂಭವಾಗಿದ್ದರಿಂದ ಖಾತರಿ ನೀಡಲಾಗದು. ಶುಕ್ರವಾರ ಮಧ್ಯಾಹ್ನ ಮೂರರಿಂದ ಭಾನುವಾರ ಬೆಳಿಗ್ಗೆ ಎಂಟರವರೆಗೆ ನಲವತ್ತೊಂದು ಗಂಟೆ. ಶನಿವಾರ ಕೆಲಸ ಮಾಡದ ವಿಭಾಗ ಭಾನುವಾರ ಮುಂಜಾನೆ ಹೇಗೆ ನಿರಾಕರಿಸಿತೆಂಬುದು ನನಗೆ ಇನ್ನೂ ಬಿಡಿಸಲಾಗದ ಒಗಟು. ಆ ಪತ್ರದ ಕೊನೆಯಲ್ಲಿ, 'ತಾವು ಶೀಘ್ರ ಗುಣಮುಖರಾಗಲೆಂದು ಹಾರೈಸುತ್ತೇವೆ' ಎಂದಿತ್ತು. ದೊಡ್ಡ ಆಸ್ಪತ್ರೆ ತಲುಪುವಾಗ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಮಂಗಳವಾರ ಬೆಳಿಗ್ಗೆ ಮುಗಿಯಿತು. ನಾವಿಬ್ಬರೂ ಆಗ ವೀಸಾ ಕಚೇರಿಯ ಸಾಲಿನಲ್ಲಿದ್ದೆವು.

ಶುಕ್ರವಾರ ಸಂಜೆ ಅವಳು ಫೋನಿನಲ್ಲಿ ಸಿಕ್ಕಿದ್ದಳು. "ಅಪ್ಪಾ, ತಾರೀಖು ಹೇಳ್ಬಿಟ್ಟೆ. ಹೇಳ್ಬಾರ್ದಿತ್ತಾ?" ಎಂದು ಕೇಳಿದಳು. ನಿಜ ಹೇಳಿದ್ದು ಸರಿ ಮಗಳೇ ಎನ್ನಲು ಒಂದು ಉಸಿರು ಸಾಕಿತ್ತು. ನಾನು ಲೆಕ್ಕ ಹಾಕುತ್ತಿದ್ದೆ. ಮೂವತ್ತೊಂದನೆಯ ಪುಟ ಇನ್ನೂ ನೋಡಿರಲಿಲ್ಲವಲ್ಲ, ಹಳೆಯ ನಿಯಮದಲ್ಲಿ ಇದಕ್ಕೆ ಏನು ಉತ್ತರವೆಂದು ಹುಡುಕುತ್ತಿದ್ದೆ. "ಪರವಾಗಿಲ್ಲ ಬಿಡಿ," ಎಂದು ಅವಳೇ ಅಂದಳು. ನನ್ನನ್ನು ಸಮಾಧಾನ ಮಾಡುವ ದನಿ. ಆಮೇಲೆ ಅವಳೊಡನೆ ಮಾತಾಡುವ ಅವಕಾಶ ಸಿಗಲಿಲ್ಲ.

ಸಭಿಕರೇ, ನಿಮ್ಮ ಸಹಾನುಭೂತಿ ಯಾಕೆ ಬೇಡವೆಂದೆನೋ ಈಗ ತಿಳಿದಿರಬೇಕು.

ಅಧಿಕಾರಿಗಳೇ, ತಮ್ಮ ವಿಚಾರಣಾ ಕೊಠಡಿ ನನಗೆ ಚೆನ್ನಾಗಿ ನೆನಪಿದೆ. ಟೋಕನ್ ಸಂಖ್ಯೆ ಐವತ್ತಮೂರು. ಗೋಡೆಯ ಮೇಲೆ 'ಸತ್ಯವನ್ನೇ ಹೇಳಿ' ಎಂಬ ಫಲಕ, ಅದರ ಕೆಳಗೆ ಕೆಟ್ಟುನಿಂತ ಗಡಿಯಾರ. ಕಂಪನಿಯ ವಕೀಲರು ಆಸ್ಪತ್ರೆಯ ಹಾಳೆಯನ್ನು ಎತ್ತಿ ಹಿಡಿದು, "ವಿಮೆ ಪಡೆದವರೇ ಗಂಟೆ ನಿಮಿಷ ಸಮೇತ ಒಪ್ಪಿಕೊಂಡಿದ್ದಾರೆ," ಎಂದರು. ಅವಳ ಪ್ರಾಮಾಣಿಕತೆಯೇ ಅವಳ ಅಪ್ರಾಮಾಣಿಕತೆಗೆ ಪುರಾವೆಯಾಯಿತು. ಮರೆಮಾಚುವವಳು ನಿಮಿಷದ ಲೆಕ್ಕ ಕೊಡುತ್ತಾಳೆಯೇ ಎಂದು ನಾನು ಕೇಳಿದೆ. ಒಳ್ಳೆಯ ಪ್ರಶ್ನೆ, ಆ ಕೊಠಡಿಯಲ್ಲಿ ಅದಕ್ಕೆ ಚಪ್ಪಾಳೆ ಬೀಳಬೇಕಿತ್ತು. ತಾವು ಕನ್ನಡಕ ತೆಗೆದು ನನಗೆ ನೀರು ತರಿಸಿದಿರಿ. ತಾವು ಒರಟಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. "ಯಜಮಾನರೇ, ಈ ವಯಸ್ಸಲ್ಲಿ ಇಷ್ಟೆಲ್ಲ ಓಡಾಟ ಯಾಕೆ? ಅನುಕಂಪದ ನೆಲೆಯಲ್ಲಿ ಏನೋ ಒಂದಿಷ್ಟು ಕೊಡ್ಸ್ತೀನಿ. ಆದೇಶ ಬಂದ್ಮೇಲೆ ಒಪ್ಪಿದ್ದೀನಿ ಅಂತ ಒಂದು ಸಹಿ ಹಾಕಿ, ಮುಗಿಸಿ," ಎಂದಿರಿ. ಅಂದರೆ ಮಗಳು ಮರೆಮಾಚಿದಳೆಂದು ತಂದೆಯ ಕೈಬರಹದಲ್ಲಿ ಒಪ್ಪಿಗೆ. ಅದಕ್ಕೆ ತಮ್ಮ ಕಚೇರಿಯಲ್ಲಿ ಅನುಕಂಪ ಎಂದು ಹೆಸರು.

ತಾವು ಎತ್ತಿಹಿಡಿದ ನಿಯಮ ಏನು ಮಾಡುತ್ತಿದೆ ಎಂಬುದನ್ನು ತಾವು ಒಮ್ಮೆಯಾದರೂ ಯೋಚಿಸಿದ್ದೀರಾ? ನಮ್ಮ ಬೀದಿಯ ವೈದ್ಯರನ್ನು ಹೋಗಿ ಕೇಳಿದೆ. "ನಮ್ಮಲ್ಲಿ ಹೊರದೇಶಕ್ಕೆ ಓಡಾಡೋ ಕೆಲವರು ವರ್ಷದಲ್ಲಿ ಒಂದು ತಿಂಗಳು ಈ ಕಡೆ ತಲೆನೇ ಹಾಕಲ್ಲ. ನವೀಕರಣ ಆದ ವಾರ ಎಲ್ಲರಿಗೂ ಒಟ್ಟಿಗೆ ಕಾಯಿಲೆ ಬರುತ್ತೆ," ಎಂದು ನಕ್ಕರು. ನಕ್ಕವರು ನನ್ನ ಮುಖ ನೋಡಿ ಕುರ್ಚಿ ತೋರಿಸಿದರು. ಎದೆನೋವನ್ನು, ಗಂಟನ್ನು, ರಕ್ತ ಕಂಡ ಕೆಮ್ಮನ್ನು ಎಷ್ಟು ಮಂದಿ ಈ ಹೊತ್ತು ತಾರೀಖು ನೋಡಿಕೊಂಡು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಾರೋ. ವೈದ್ಯರ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದವರು ಯಾರು? ಹಳೆಯ ಪಾಲಿಸಿಗೆ ಆ ಗುರುವಾರ ಇನ್ನೂ ಹದಿನೇಳು ದಿನ ಜೀವವಿತ್ತು. ಕಾಯಿಲೆ ಆ ವರ್ಷದಲ್ಲಿ ಹುಟ್ಟಿದ್ದರೆ ಆ ವರ್ಷವೇ ಅದನ್ನು ಹೊರಬೇಕು. ಹುಟ್ಟಿದ್ದು ಹಳೆಯದರಲ್ಲಿ ಎಂದು ಹೊಸದು ತಳ್ಳುತ್ತದೆ, ಉಲ್ಬಣಿಸಿದ್ದು ಹೊಸದರಲ್ಲಿ ಎಂದು ಹಳೆಯದು ತಳ್ಳುತ್ತದೆ. ಏಳು ವರ್ಷ ಒಂದು ದಿನವೂ ತಪ್ಪದೆ ಅದೇ ಕಂಪನಿಯಲ್ಲಿದ್ದವಳು ಕೊನೆಗೆ ಬಿದ್ದದ್ದು ಎರಡು ವರ್ಷಗಳ ನಡುವಿನ ಗೋಡೆಯ ಸಂದಿಗೆ.

ಈ ವಾದ ಸರಿಯಾಗಿದೆ. ಇದನ್ನು ಹಿಡಿದು ಮೇಲಿನ ನ್ಯಾಯಾಲಯಕ್ಕೆ ಹೋಗಿ ಎನ್ನುತ್ತಾರೆ ನನ್ನ ಹಳೆಯ ಗೆಳೆಯರು. ನಾನು ಹೋಗುವುದಿಲ್ಲ. ಸರಿಯಾದ ವಾದದಿಂದ ಏನಾಗುತ್ತದೆಂದು ನನಗೆ ಗೊತ್ತು. ಗುರುವಾರದ ನನ್ನ ವಾದವೂ, ನನ್ನ ಕೈಯಲ್ಲಿದ್ದ ಪುಸ್ತಿಕೆಯ ಪ್ರಕಾರ, ಸಂಪೂರ್ಣ ಸರಿಯಾಗಿತ್ತು.

ಮನೆಯಲ್ಲಿ ತಮ್ಮ ಒಪ್ಪಿಗೆ ಪತ್ರ ಹತ್ತು ದಿನಗಳಿಂದ ಬಿದ್ದಿದೆ. ನನ್ನ ತಮ್ಮ ಬಂದು ಓದಿ, "ಹಾಕಣ್ಣಾ ಸಹಿ. ಅವಳೇನು ಬಂದು ಓದ್ತಾಳಾ ಅದನ್ನ? ಅತ್ತಿಗೆ ಮುಖ ನೋಡು, ಅರ್ಧ ಆಗಿದ್ದಾರೆ. ನಿನ್ನ ಹಟಕ್ಕೆ ಇನ್ನೂ ಚರ್ಚಾಸ್ಪರ್ಧೆ ಥರ 'ಎದುರಾಳಿ ಮಿತ್ರರೇ' ಅಂತ ಶುರು ಮಾಡ್ಬೇಡ," ಎಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹೆಂಡತಿಯನ್ನು ಕೇಳಿದೆ. ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. "ಏನು ಬೇಕಾದ್ರೂ ಮಾಡಿ. ನನ್ನನ್ನ ಮಾತ್ರ ಕೇಳ್ಬೇಡಿ. ನಾನಿನ್ನು ಈ ಮನೇಲಿ ತೀರ್ಪು ಕೊಡೋಳಲ್ಲ," ಎಂದಳು. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನೆದುರು ಯಾರೂ ಇಲ್ಲದೆ, ಮಧ್ಯೆ ಯಾರೂ ಇಲ್ಲದೆ, ಒಬ್ಬನೇ ಕುಳಿತು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅದನ್ನು ಹೆಂಡತಿಗೆ ಹೇಳಿಲ್ಲ, ತಮ್ಮನಿಗೂ ಹೇಳಿಲ್ಲ. ಇಲ್ಲಿ ಸೇರಿರುವವರು ತಮಗಿಂತ ಮೊದಲು ಕೇಳುತ್ತಿದ್ದಾರೆ.

ಅನುಕಂಪದ ಒಪ್ಪಿಗೆ ಪತ್ರವನ್ನು ಸಹಿ ಇಲ್ಲದೆ ಹಿಂದಿರುಗಿಸುತ್ತಿದ್ದೇನೆ. ಕ್ಲೇಮನ್ನೂ ಹಿಂತೆಗೆದುಕೊಳ್ಳುತ್ತಿದ್ದೇನೆ, ಒಂದು ಬಿಡಿಗಾಸೂ ಬೇಡ. ಸಭಿಕರೇ, ನಿಮ್ಮ ಮನವಿಯನ್ನು ದಯವಿಟ್ಟು ಸಲ್ಲಿಸಬೇಡಿ. ಅಧಿಕಾರಿಗಳೇ, ಸೋಮವಾರ ಬೆಳಿಗ್ಗೆ ತಮ್ಮ ಕಚೇರಿಯಲ್ಲಿ ನಾನು ಪ್ರಮಾಣ ಮಾಡಿದ ಹೇಳಿಕೆ ಸಲ್ಲಿಸುತ್ತೇನೆ: ಏಳನೆಯ ತಾರೀಖಿನ ನೋವು ನನಗೆ ಗೊತ್ತಿತ್ತು, ಸ್ಕ್ಯಾನ್ ಮಾಡಿಸಹೊರಟವಳನ್ನು ತಡೆದವನು ನಾನು, ಆ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ನನ್ನದು. ನನ್ನ ಬೇಡಿಕೆ ಒಂದೇ. ಆದೇಶದ ಮೂರನೆಯ ಪುಟದಿಂದ ನನ್ನ ಮಗಳನ್ನು ತೆಗೆದು, ಆ ಜಾಗದಲ್ಲಿ ನನ್ನನ್ನು ಬರೆಯಿರಿ. 'ಉದ್ದೇಶಪೂರ್ವಕವಾಗಿ' ಎಂಬ ಪದವನ್ನು ಹಾಗೆಯೇ ಉಳಿಸಿಕೊಳ್ಳಬಹುದು, ನನ್ನ ಆಕ್ಷೇಪವಿಲ್ಲ. ಪಾಲಿಸಿ ನನ್ನ ಹೆಸರಿನಲ್ಲಿಲ್ಲ, ಆದ್ದರಿಂದ ಮರೆಮಾಚುವ ಅಧಿಕಾರವೂ ನನಗಿಲ್ಲ ಎಂದು ತಾವು ಉತ್ತರಿಸುತ್ತೀರಿ. ತಮ್ಮ ನಮೂನೆಗಳಲ್ಲಿ ನನ್ನಂಥವನಿಗೆ ಅಂಕಣವಿಲ್ಲವೆಂದು ಗುಮಾಸ್ತರು ಈಗಾಗಲೇ ತಿಳಿಸಿದ್ದಾರೆ. ಮುಂದಿನ ಸೋಮವಾರ ಮತ್ತೆ ಬರುತ್ತೇನೆ, ಅದರ ಮುಂದಿನ ಸೋಮವಾರವೂ. ತಾವು ವರ್ಗವಾಗಿ ಹೋದರೆ ತಮ್ಮ ಜಾಗಕ್ಕೆ ಬರುವವರ ಮುಂದೆ ಇದೇ ಹೇಳಿಕೆ ಇಡುತ್ತೇನೆ. ತಾವು ಬರೆಯುತ್ತೀರೆಂಬ ನಂಬಿಕೆಯಿಂದ ಅಲ್ಲ. ನಾನು ಹೇಳಿಲ್ಲವೆಂದು ಯಾರೂ ಬರೆಯಬಾರದೆಂದು.

ಇಂತಿ,
ತಮ್ಮ ಕಡತದ ಪ್ರಕಾರ
ಈ ಪ್ರಕರಣಕ್ಕೆ ಸಂಬಂಧವೇ ಇಲ್ಲದ
ಒಬ್ಬ ತಂದೆ